ಚಿಕ್ಕ ದೋಣಿಗೆ ಯಾವ ಕೆರೆ?



ಕನ್ನಡ ಕ್ಲಾಸ್ ಬಿಟ್ಟ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಕಾರಿನ ಹಿಂದೆ ಕಟ್ಟಿರುವ ಪುಟ್ಟ ದೋಣಿ ನೋಡಿ ನಿಮ್ಮಲ್ಲಿ ಹಲವರು ಕೇಳ್ತೀರಿ: "ಆಂಟಿ, ಇವತ್ತು ಎಲ್ಲಿಗೆ? ಬಾಸ್ ಮೀನು ಯಾವ ಲೇಕ್‌ನಲ್ಲಿ ಜಾಸ್ತಿ ಸಿಗುತ್ತೆ?" ನಿಂತ ನಿಲುವಿನಲ್ಲಿ ಉತ್ತರ ಹೇಳೋಕೆ ಆಗಲ್ಲ. ಯಾಕಂದರೆ ಮೀನು ಎಲ್ಲಿ ಸಿಗುತ್ತೆ ಅನ್ನೋದು ಎರಡನೇ ಪ್ರಶ್ನೆ. ನಮ್ಮ ದೋಣಿ ಯಾವ ಕೆರೆಗೆ ಹೋಗಿ ಕ್ಷೇಮವಾಗಿ ವಾಪಸ್ ಬರುತ್ತೆ ಅನ್ನೋದು ಮೊದಲನೇ ಪ್ರಶ್ನೆ. ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ, ತಪ್ಪು ಮಾಡಿ ಕಲಿತೆ.

ನಮ್ಮದು 12 ಅಡಿ ಉದ್ದದ, ಚಪ್ಪಟೆ ತಳದ ಅಲ್ಯೂಮಿನಿಯಂ ಜಾನ್ ಬೋಟ್. ಅದಕ್ಕೆ ಬ್ಯಾಟರಿಯಿಂದ ಓಡುವ ಸಣ್ಣ ಟ್ರೋಲಿಂಗ್ ಮೋಟಾರ್, ಜೊತೆಗೆ ಎರಡು ಹುಟ್ಟು. ಅದನ್ನು ಕೊಂಡ ಹೊಸದರಲ್ಲಿ, ಒಂದು ಮಾರ್ಚ್ ಭಾನುವಾರ, "ದೊಡ್ಡ ಕೆರೆಯಲ್ಲಿ ದೊಡ್ಡ ಮೀನು" ಅಂದುಕೊಂಡು ಒಂಬತ್ತು ವರ್ಷದ ಮಗನನ್ನು ಕರೆದುಕೊಂಡು ಲೇಕ್ ಟ್ರಾವಿಸ್‌ಗೆ ಹೋದೆ. ಗಾಳಿ ಬೆನ್ನಿಗಿತ್ತು, ದೋಣಿ ತಾನಾಗಿಯೇ ಹೋದ ಹಾಗೆ ಹೋಯಿತು. ಎಷ್ಟು ಸಲೀಸು ಅಂತ ಖುಷಿಪಟ್ಟೆ. ವಾಪಸ್ ತಿರುಗಿಸಿದಾಗ ಅದೇ ಗಾಳಿ ಮುಖಕ್ಕೆ. ಅಲೆಗಳು ದೋಣಿಯ ಮುಂಭಾಗ ಹತ್ತಿ ಒಳಗೆ ಬೀಳತೊಡಗಿದವು. ಅರ್ಧ ದಾರಿಯಲ್ಲಿ ಬ್ಯಾಟರಿ ಸೋತಿತು. ನಾನು ಹುಟ್ಟು ಹಾಕುತ್ತಿದ್ದೆ, ಮಗ ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ ಅದರಲ್ಲಿ ನೀರು ಎತ್ತಿ ಹೊರಗೆ ಚೆಲ್ಲುತ್ತಿದ್ದ. ಇಬ್ಬರೂ ಲೈಫ್ ಜಾಕೆಟ್ ಹಾಕಿದ್ದೆವು ಅನ್ನೋದೊಂದೇ ನಾನು ಅವತ್ತು ಸರಿಯಾಗಿ ಮಾಡಿದ ಕೆಲಸ. ಕೊನೆಗೆ ದೊಡ್ಡ ಬೋಟಿನವರೊಬ್ಬರು ಹಗ್ಗ ಎಸೆದು ದಡಕ್ಕೆ ಎಳೆದು ತಂದರು.

ಕಾರಿನಲ್ಲಿ ಮಗ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದ: "ಅಮ್ಮಾ, ಗಾಳಿ ಬರುತ್ತೆ ಅಂತ ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಆದರೆ ಗೊತ್ತು ಮಾಡಿಕೊಳ್ಳಬಹುದಿತ್ತು. ಎಲ್ಲ ಮಾಹಿತಿಯೂ ಫೋನಿನಲ್ಲೇ ಇತ್ತು, ನಾನು ನೋಡಿರಲಿಲ್ಲ ಅಷ್ಟೇ. ಆಮೇಲೆ ಒಂದು ವರ್ಷ ಅವನು ದೋಣಿ ಹತ್ತಲಿಲ್ಲ. ಆ ಒಂದು ವರ್ಷದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೀತಾ ಇದ್ದೀನಿ.

ಬಾಸ್ ಅಂದರೆ ಯಾರು?

ಅಪ್ಪನ ಆಫೀಸಿನ ಬಾಸ್ ಅಲ್ಲ! ನಮ್ಮ ಆಸ್ಟಿನ್ ಸುತ್ತ ಹೆಚ್ಚಾಗಿ ಸಿಗೋದು ಲಾರ್ಜ್‌ಮೌತ್ ಬಾಸ್. ಬಾಯಿ ಮುಚ್ಚಿದಾಗ ಅದರ ಮೇಲ್ದವಡೆ ಕಣ್ಣಿಗಿಂತಲೂ ಹಿಂದಕ್ಕೆ ಹೋಗಿರುತ್ತೆ, ಅಷ್ಟು ದೊಡ್ಡ ಬಾಯಿ. ಟೆಕ್ಸಾಸ್‌ನ ರಾಜ್ಯ ಮೀನು ಗ್ವಾಡಲೂಪ್ ಬಾಸ್, ಇದರ ಚಿಕ್ಕ ಬಂಧು. ನಮ್ಮ ಕೊಲೊರಾಡೊ ನದಿಯಲ್ಲೂ ಇದೆ.

ಬಾಸ್ ಊರೆಲ್ಲ ಸುತ್ತಿ ಬೇಟೆ ಆಡುವ ಮೀನಲ್ಲ. ಕಣ್ಣಾಮುಚ್ಚಾಲೆ ಆಟದಲ್ಲಿ ಬಾಗಿಲ ಹಿಂದೆ ಅವಿತು ಕೂರುವ ತಮ್ಮನ ಹಾಗೆ ಜೊಂಡಿನ ಸಂದಿಯಲ್ಲಿ, ಮುಳುಗಿದ ಮರದ ಪಕ್ಕ, ಬಂಡೆಯ ನೆರಳಲ್ಲಿ ಕಾಯುತ್ತೆ. ಸಣ್ಣ ಮೀನು ಹತ್ತಿರ ಬಂದಾಗ ಬಾಯಿ ಫಕ್ಕನೆ ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತೆ. ಅಂದರೆ ಬಾಸ್ ಹುಡುಕಬೇಕಾದರೆ ಮೀನನ್ನಲ್ಲ, ಅವಿತುಕೊಳ್ಳುವ ಜಾಗವನ್ನು ಹುಡುಕಬೇಕು. ಅಂಥ ಜಾಗ ಹೆಚ್ಚಾಗಿ ದಡದ ಹತ್ತಿರವೇ ಇರುತ್ತೆ. ಚಿಕ್ಕ ದೋಣಿಯವರಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕಾ?

ಇಲ್ಲಿನ ಲೇಕ್‌ಗಳೂ ಕೆರೆಗಳೇ

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. ಆಸ್ಟಿನ್ ಸುತ್ತ ನಾವು ದೋಣಿ ಇಳಿಸುವ ಲೇಕ್‌ಗಳು ಯಾವುದೂ ತಾನಾಗಿ ಆದದ್ದಲ್ಲ. ಎಲ್ಲವೂ ಜನ ಏರಿಯೋ ಅಣೆಕಟ್ಟೋ ಕಟ್ಟಿ ನೀರು ನಿಲ್ಲಿಸಿದವು. ಅಂದರೆ ನಮ್ಮೂರಿನ ಕೆರೆಗಳ ಹಾಗೆಯೇ.

ತುಮಕೂರಿನ ಕಡೆ ನಮ್ಮಜ್ಜನ ಊರಲ್ಲಿ ಕೆರೆಯ ಪ್ರತಿ ಭಾಗಕ್ಕೂ ಹೆಸರಿತ್ತು. ನೀರು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ ಏರಿ. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗುವ ಜಾಗ ಕೋಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಯಲಾಗುವ ತಳ ಕೆರೆ ಅಂಗಳ. ಗಾಳ ಹಾಕೋಕೆ ಹೋದಾಗ ಅಜ್ಜ ಹೇಳುತ್ತಿದ್ದರು, "ಏರಿ ಕಡೆ ಆಳ, ಅಂಗಳದ ಕಡೆ ತೆಳು. ಮರಿ ಮೀನು ತೆಳು ನೀರಲ್ಲಿ, ಅದನ್ನ ತಿನ್ನೋ ಮೀನು ಅದರ ಅಂಚಲ್ಲಿ."

ಈ ಒಂದು ಮಾತು ಇಲ್ಲೂ ನಡೆಯುತ್ತೆ. ನಕ್ಷೆ ತೆಗೆದು ನೋಡಿ. ಅಣೆಕಟ್ಟಿನ ಹತ್ತಿರ ಆಳ, ತೊರೆ ಬಂದು ಸೇರುವ ತುದಿಯಲ್ಲಿ ತೆಳು. ನೀರಿನಡಿಯಲ್ಲಿ ಹಳೆಯ ಹೊಳೆಯ ಹಾದಿ ಇನ್ನೂ ಹಾಗೇ ಇರುತ್ತೆ. ಆಳವೂ ತೆಳುವೂ ಕೂಡುವ ಆ ಅಂಚಿನಲ್ಲಿ ಜೊಂಡೋ ಮರವೋ ಇದ್ದರೆ ಅಲ್ಲಿ ಬಾಸ್ ಇರೋ ಸಾಧ್ಯತೆ ಹೆಚ್ಚು.

ವಸಂತದಲ್ಲಿ ನೀರು ಸುಮಾರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಬಾಸ್ ತೆಳು ನೀರಿಗೆ ಬಂದು ಮೊಟ್ಟೆ ಇಡುತ್ತೆ. ಬಾಲದಿಂದ ತಳ ಗುಡಿಸಿ ಗೂಡು ಮಾಡೋದೂ, ಮರಿ ಆಗೋವರೆಗೂ ಕಾವಲು ಕಾಯೋದೂ ಅಪ್ಪ ಮೀನಿನ ಕೆಲಸ. ಕಡು ಬೇಸಿಗೆಯಲ್ಲಿ ಆಳದ ಕೆರೆಗಳ ನೀರು ಎರಡು ಪದರ ಆಗುತ್ತೆ. ಕೆಳಗಿನ ತಣ್ಣನೆ ಪದರದಲ್ಲಿ ಆಮ್ಲಜನಕ ಕಡಿಮೆ. ಹಾಗಾಗಿ ಬಹಳ ಆಳದಲ್ಲಿ ಗಾಳ ಬಿಟ್ಟು ಕೂತರೆ ಪ್ರಯೋಜನ ಇಲ್ಲ. ಆಗ ಬೆಳಗಿನ ಜಾವವೇ ಒಳ್ಳೆ ಹೊತ್ತು, ಮೀನಿಗೂ ನಮಗೂ.

ಹೊರಡುವ ಮುಂಚೆ ನಾಲ್ಕು ಪ್ರಶ್ನೆ

ಒಂದು: ಈ ಕೆರೆಯಲ್ಲಿ ಯಾವ ಇಂಜಿನ್‌ಗೆ ಅನುಮತಿ ಇದೆ? ಪೆಟ್ರೋಲ್ ಇಂಜಿನ್ ನಿಷೇಧ ಇರುವ ಕೆರೆ ಅಂದರೆ ವೇಗದ ಬೋಟ್‌ಗಳಿಲ್ಲ, ಅವು ಎಬ್ಬಿಸುವ ಅಲೆಗಳೂ ಇಲ್ಲ. ದೊಡ್ಡ ಬೋಟಿನವರಿಗೆ ಅದು ಬೇಸರದ ಕೆರೆ. ನಮಗೆ ಹೇಳಿ ಮಾಡಿಸಿದ ಕೆರೆ.

ಎರಡು: ಗಾಳಿ ಎಷ್ಟು, ಯಾವ ಕಡೆಯಿಂದ? ಗಾಳಿಯ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತೆ. ತೆರೆದ ನೀರಿನ ಮೇಲೆ ಗಾಳಿ ಎಷ್ಟು ದೂರ ಓಡಿ ಬರುತ್ತೋ ಅಲೆ ಅಷ್ಟು ದೊಡ್ಡದು. ಆದ್ದರಿಂದ ದೊಡ್ಡ ಕೆರೆ ಅಂದರೆ ದೊಡ್ಡ ಅಲೆ. ನ್ಯಾಷನಲ್ ವೆದರ್ ಸರ್ವಿಸ್ ಗಂಟೆ ಗಂಟೆಗೂ ಗಾಳಿಯ ಮುನ್ಸೂಚನೆ ಕೊಡುತ್ತೆ. ನಮ್ಮ ಮನೆಯ ನಿಯಮ: ಗಂಟೆಗೆ 10 ಮೈಲಿ ದಾಟಿದರೆ ದೋಣಿ ಗ್ಯಾರೇಜಿನಲ್ಲೇ. ಇನ್ನೊಂದು, ಹೋಗುವಾಗ ಗಾಳಿಗೆ ಎದುರಾಗಿ ಹೋಗಬೇಕು. ಸುಸ್ತಾಗಿ ವಾಪಸ್ ಬರುವಾಗ ಗಾಳಿಯೇ ಮನೆಗೆ ತಳ್ಳುತ್ತೆ. ನಾನು ಅವತ್ತು ಮಾಡಿದ್ದು ಇದಕ್ಕೆ ಪೂರಾ ಉಲ್ಟಾ.

ಮೂರು: ನೀರಿನ ಮಟ್ಟ ಎಷ್ಟಿದೆ? ಲೇಕ್ ಟ್ರಾವಿಸ್ ತುಂಬಿದಾಗ ಸಮುದ್ರಮಟ್ಟದಿಂದ 681 ಅಡಿ. ಬರಗಾಲದ ವರ್ಷಗಳಲ್ಲಿ ಎಷ್ಟೋ ಅಡಿ ಇಳಿದು, ದೋಣಿ ಇಳಿಸುವ ಇಳಿಜಾರುಗಳು ನೀರು ಮುಟ್ಟದೆ ಒಣಗಿ ನಿಂತಿದ್ದವು. ಮಟ್ಟ ಇಳಿದಾಗ ಮುಳುಗಿದ್ದ ಬಂಡೆ, ಮರದ ಬೊಡ್ಡೆಗಳೂ ಮೇಲಕ್ಕೆ ಬರುತ್ತವೆ. ಹೊರಡುವ ದಿನದ ಮಟ್ಟ ನೋಡಿಯೇ ಹೊರಡಿ.

ನಾಲ್ಕು: ವಾಪಸ್ ಬರೋಕೆ ಬ್ಯಾಟರಿ ಸಾಕಾ? ಬನ್ನಿ, ಒಂದು ಸಣ್ಣ ಲೆಕ್ಕ. ನಮ್ಮ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತೆ. ಬ್ಯಾಟರಿ 100 ಆಂಪಿಯರ್-ಅವರ್. ಕಾಗದದ ಮೇಲೆ ಎರಡು ಗಂಟೆ. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಸ್ಸು ಕಮ್ಮಿ ಆಗುತ್ತೆ, ಹಾಗಾಗಿ ನಂಬಬಹುದಾದದ್ದು ಒಂದೇ ಗಂಟೆ. ಆ ಒಂದು ಗಂಟೆಯನ್ನು ಮೂರು ಪಾಲು ಮಾಡಿ: ಹೋಗೋಕೆ 20 ನಿಮಿಷ, ಬರೋಕೆ 20 ನಿಮಿಷ, ಕಷ್ಟಕ್ಕೆ 20 ನಿಮಿಷ. ನಿಧಾನ ಹೋದರೆ ಇದೇ ಬ್ಯಾಟರಿ ಬಹಳ ಹೆಚ್ಚು ಹೊತ್ತು ಬರುತ್ತೆ. ಹುಟ್ಟು ಮಾತ್ರ ಯಾವತ್ತೂ ಮರೆಯಬೇಡಿ, ಅದಕ್ಕೆ ಚಾರ್ಜ್ ಬೇಕಿಲ್ಲ.

ನಮ್ಮ ಸುತ್ತಮುತ್ತಲಿನ ಕೆರೆಗಳು

ಟೆಕ್ಸಾಸ್ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಇಲಾಖೆ ಒಂದೊಂದು ಕೆರೆಗೂ ಒಂದೊಂದು ಮಾಹಿತಿ ಪುಟ ಇಟ್ಟಿದೆ. ಕೆರೆ ಎಷ್ಟು ಎಕರೆ, ಎಷ್ಟು ಆಳ, ಯಾವ ವರ್ಷ ಕಟ್ಟಿದ್ದು, ನೀರಿನ ಮಟ್ಟ ಏರಿಳಿಯುತ್ತಾ, ಯಾವ ಗಿಡಗಳಿವೆ, ಯಾವ ಮೀನು ಹೇಗಿದೆ, ಎಲ್ಲ ಅಲ್ಲಿರುತ್ತೆ. ಅದನ್ನು ಚಿಕ್ಕ ದೋಣಿಯ ಕಣ್ಣಿನಿಂದ ಓದಬೇಕು. ನನ್ನ ಓದು ಹೀಗಿದೆ.

ಲೇಕ್ ಫ್ಲೂಗರ್‌ವಿಲ್: ಸುಮಾರು 180 ಎಕರೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ, ಪೆಟ್ರೋಲ್ ಇಂಜಿನ್ ಇಲ್ಲ. ಯಾವ ಮೂಲೆಯಲ್ಲಿ ನಿಂತರೂ ದಡ ಕಾಣುತ್ತೆ. ಬಯಲು ಜಾಗ, ಮರಗಳ ಮರೆ ಕಡಿಮೆ, ಆದ್ದರಿಂದ ಗಾಳಿ ನೋಡಿಕೊಳ್ಳಿ. ಮೊದಲ ಸಲ ದೋಣಿ ಹತ್ತುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ.

ಲೇಡಿ ಬರ್ಡ್ ಲೇಕ್: ಊರಿನ ನಟ್ಟನಡುವೆ, ನಾನೂರು ಎಕರೆ ಚಿಲ್ಲರೆ. 1960ರಲ್ಲಿ ಲಾಂಗ್‌ಹಾರ್ನ್ ಅಣೆಕಟ್ಟು ಕಟ್ಟಿದಾಗ ಆದದ್ದು, ಈ ಹೆಸರು ಬಂದದ್ದು 2007ರಲ್ಲಿ. ಇಲ್ಲೂ ಪೆಟ್ರೋಲ್ ಇಂಜಿನ್ ನಿಷೇಧ. ಉದ್ದಕ್ಕೆ, ಕಿರಿದಾಗಿ ಇರುವುದರಿಂದ ಅಲೆ ಕಮ್ಮಿ, ಸೇತುವೆಗಳ ನೆರಳಲ್ಲಿ ಬಾಸ್ ಅವಿತಿರುತ್ತೆ. ಬೇಸಿಗೆ ಸಂಜೆ ಕಾಂಗ್ರೆಸ್ ಅವೆನ್ಯೂ ಸೇತುವೆಯ ಬಾವಲಿಗಳು ಮೋಡದ ಹಾಗೆ ಎದ್ದು ಹೋಗುವುದನ್ನು ದೋಣಿಯಿಂದಲೇ ನೋಡಬಹುದು. ಒಂದು ಎಚ್ಚರಿಕೆ: ಬಿಸಿಲುಗಾಲದಲ್ಲಿ ಇಲ್ಲಿ ವಿಷದ ಪಾಚಿ ಬೆಳೆಯುವುದುಂಟು. 2019ರಲ್ಲಿ ಈ ನೀರಿಗಿಳಿದ ನಾಯಿಗಳು ಸತ್ತವು. ನಾಯಿ ಕರೆದುಕೊಂಡು ಹೋಗುವ ಮುಂಚೆ ಸಿಟಿಯವರ ಸೂಚನೆ ನೋಡಿ.

ಲೇಕ್ ಬ್ಯಾಸ್ಟ್ರಾಪ್: ಸುಮಾರು 900 ಎಕರೆ. ಬೆಂಗಳೂರಿನ ಬೆಳ್ಳಂದೂರು ಕೆರೆ ಹೆಚ್ಚುಕಮ್ಮಿ ಇಷ್ಟೇ ದೊಡ್ಡದು. ವಿದ್ಯುತ್ ಸ್ಥಾವರವನ್ನು ತಂಪು ಮಾಡಲು 1964ರಲ್ಲಿ ಕಟ್ಟಿದ್ದು. ಸ್ಥಾವರದಿಂದ ಬೆಚ್ಚನೆ ನೀರು ವಾಪಸ್ ಬರುವುದರಿಂದ ಬೇರೆ ಕೆರೆಗಳಲ್ಲಿ ಮೀನು ಮಂಕಾಗಿರುವ ಚಳಿಗಾಲದಲ್ಲಿ ಇಲ್ಲಿ ಚುರುಕು. ಮಟ್ಟ ಹೆಚ್ಚು ಏರಿಳಿಯಲ್ಲ, ದಡದ ತುಂಬ ಜೊಂಡು. ನಮ್ಮ ಮನೆಯವರಿಗೆಲ್ಲ ಅಚ್ಚುಮೆಚ್ಚಿನ ಕೆರೆ.

ವಾಲ್ಟರ್ ಇ. ಲಾಂಗ್: ಎಲ್ಲರೂ ಡೆಕರ್ ಲೇಕ್ ಅಂತಾರೆ. 1,200 ಎಕರೆಗೂ ಹೆಚ್ಚು, 1967ರದ್ದು. ಹಳೆಯ ಬರಹಗಳಲ್ಲಿ "ಚಳಿಗಾಲದಲ್ಲೂ ಬೆಚ್ಚನೆ ನೀರು" ಅಂತ ಓದುತ್ತೀರಿ. ಅಲ್ಲಿನ ಸ್ಥಾವರದ ದೊಡ್ಡ ಸ್ಟೀಮ್ ಯೂನಿಟ್‌ಗಳು 2022ರ ಹೊತ್ತಿಗೆ ನಿಂತುಹೋದವು, ಹಾಗಾಗಿ ಆ ಮಾತು ಈಗ ಹಳತು. ಓದಿದ್ದು ಯಾವ ವರ್ಷದ್ದು ಅಂತ ನೋಡೋದು ಸಾಫ್ಟ್‌ವೇರ್‌ನಲ್ಲಿ ಎಷ್ಟು ಮುಖ್ಯವೋ ಕೆರೆ ಹುಡುಕುವುದರಲ್ಲೂ ಅಷ್ಟೇ ಮುಖ್ಯ. ಗಾಳಿ ಇಲ್ಲದ ಬೆಳಿಗ್ಗೆ ದಡ ಹಿಡಿದು ಹೋಗಿ.

ಲೇಕ್ ಆಸ್ಟಿನ್: ಸುಮಾರು 1,600 ಎಕರೆ. ದೊಡ್ಡ ಬಾಸ್‌ಗೆ ಹೆಸರಾದದ್ದು. ಆದರೆ ವಾರಾಂತ್ಯದಲ್ಲಿ ವೇಗದ ಬೋಟ್‌ಗಳ ಸಂತೆ. ಕಿರಿದಾದ ಕೆರೆ, ದಡದ ಗೋಡೆಗಳಿಗೆ ಬಡಿದ ಅಲೆ ತಿರುಗಿ ಬರುತ್ತೆ. ಚಿಕ್ಕ ದೋಣಿಗೆ ವಾರದ ದಿನದ ಬೆಳಗಿನ ಜಾವ ಮಾತ್ರ.

ಲೇಕ್ ಟ್ರಾವಿಸ್: ತುಂಬಿದಾಗ 18,000 ಎಕರೆಗೂ ಹೆಚ್ಚು. ಕೆರೆ ಒಳ್ಳೆಯದೇ. ನಮ್ಮ ದೋಣಿಗಲ್ಲ, ಅಷ್ಟೇ.

ಕಾನೂನು ಏನು ಹೇಳುತ್ತೆ?

17 ವರ್ಷದೊಳಗಿನವರಿಗೆ ಟೆಕ್ಸಾಸ್‌ನಲ್ಲಿ ಮೀನು ಹಿಡಿಯಲು ಲೈಸೆನ್ಸ್ ಬೇಡ. ಅಪ್ಪ ಅಮ್ಮನಿಗೆ ಬೇಕು. "ನಾನು ಬರೀ ಮಗುವಿಗೆ ಸಹಾಯ ಮಾಡ್ತಿದ್ದೆ" ಅಂತ ಗಾಳ ಕೈಯಲ್ಲಿ ಹಿಡಿದರೂ ಬೇಕು! 26 ಅಡಿಗಿಂತ ಚಿಕ್ಕ ದೋಣಿ ಚಲಿಸುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ಹಾಕಿಕೊಂಡಿರಲೇಬೇಕು. ನಮ್ಮ ದೋಣಿಯಲ್ಲಿ ಎಲ್ಲ ವಯಸ್ಸಿನವರಿಗೂ ಅದೇ ನಿಯಮ. ಬ್ಯಾಟರಿ ಮೋಟಾರ್ ಆದರೂ ದೋಣಿಗೆ ನೋಂದಣಿ ಬೇಕು, ಬರೀ ಹುಟ್ಟು ಹಾಕುವ ಕಯಾಕ್‌ಗೆ ಬೇಡ. ಲಾರ್ಜ್‌ಮೌತ್ ಬಾಸ್ ಸಾಮಾನ್ಯವಾಗಿ 14 ಇಂಚಿಗಿಂತ ಚಿಕ್ಕದಾದರೆ ವಾಪಸ್ ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೆಲವು ಕೆರೆಗಳಿಗೆ ಅವುಗಳದೇ ಬೇರೆ ಅಳತೆ ಇರುತ್ತೆ, ಹೋಗುವ ಮುಂಚೆ ನೋಡಿಕೊಳ್ಳಿ.

"ನಾವು ಮೀನು ತಿನ್ನಲ್ಲ, ನಮಗೇನಿದೆ ಇದರಲ್ಲಿ?" ಅಂತ ಕೆಲವು ಮನೆಯವರು ಕೇಳ್ತಾರೆ. ಇಲ್ಲಿ ಬಾಸ್ ಹಿಡಿಯುವವರಲ್ಲಿ ಬಹಳ ಜನ ಹಿಡಿದು ಬಿಡುವವರೇ. ಬಿಡುವುದಾದರೆ ಸರಿಯಾಗಿ ಬಿಡಬೇಕು: ಮುಳ್ಳಿನ ಕೊಂಡಿ ಚಪ್ಪಟೆ ಮಾಡಿದ ಗಾಳ, ಒದ್ದೆ ಕೈ, ಒಂದು ಫೋಟೋ, ತಕ್ಷಣ ನೀರಿಗೆ. ಒಣ ಕೈಯಲ್ಲಿ ಮುಟ್ಟಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತೆ, ಅದನ್ನು ರೋಗದಿಂದ ಕಾಪಾಡೋದು ಆ ಲೋಳೆಯೇ. ಗಾಳವೇ ಬೇಡ ಅನ್ನುವವರು ಬೈನಾಕ್ಯುಲರ್ ಹಿಡಿದು ಬನ್ನಿ. ಕೆರೆ ಯಾರಿಗೂ ಬೇಡ ಅನ್ನಲ್ಲ.

ಕೆರೆಯಿಂದ ಕೆರೆಗೆ ಏನು ಹೋಗಬಾರದು?

ಇಲ್ಲಿನ ಎಷ್ಟೋ ಕೆರೆಗಳಲ್ಲಿ ಹೈಡ್ರಿಲ್ಲಾ ಅನ್ನುವ ಕಳೆ ಇದೆ. ಅದು ನಮ್ಮ ಭಾರತ, ಶ್ರೀಲಂಕಾ ಕಡೆಯ ಗಿಡ! ಅಕ್ವೇರಿಯಂ ಅಲಂಕಾರಕ್ಕೆಂದು 1950ರ ದಶಕದಲ್ಲಿ ಫ್ಲಾರಿಡಾಕ್ಕೆ ಬಂದು, ಅಲ್ಲಿಂದ ದೋಣಿಗಳಿಗೆ ಅಂಟಿಕೊಂಡು ಊರೂರು ಸುತ್ತಿತು. ಲೇಕ್ ಆಸ್ಟಿನ್‌ನಲ್ಲಿ ಇದನ್ನು ಮೇಯಿಸಲು ಹುಲ್ಲುಗೆಂಡೆ ಮೀನು ಬಿಟ್ಟರು. ಅವು ಹೈಡ್ರಿಲ್ಲಾ ಜೊತೆ ಉಳಿದ ಗಿಡಗಳನ್ನೂ ತಿಂದು ಮುಗಿಸಿದವು, ಬಾಸ್‌ಗೆ ಅವಿಯುವ ಜಾಗವೇ ಇಲ್ಲವಾಯಿತು. ಅತ್ತ ದಕ್ಷಿಣ ಅಮೆರಿಕದ ವಾಟರ್ ಹಯಸಿಂತ್ ನಮ್ಮ ಬೆಂಗಳೂರಿನ ಕೆರೆಗಳನ್ನು ಮುಚ್ಚಿದೆ. ಗಿಡ ಕೆಟ್ಟದ್ದಲ್ಲ, ಅದನ್ನು ಯೋಚನೆ ಮಾಡದೆ ಹೊತ್ತು ತಂದವರು ನಾವು.

2017ರಲ್ಲಿ ಟ್ರಾವಿಸ್ ಮತ್ತು ಆಸ್ಟಿನ್ ಕೆರೆಗಳಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪಿನ ಹುಳು ಕಂಡುಬಂತು. ಅದರ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ದೋಣಿಯೊಳಗೆ ಉಳಿದ ನೀರಿನಲ್ಲೇ ಪ್ರಯಾಣ ಮಾಡಬಲ್ಲದು. ಅದಕ್ಕೇ ಕೆರೆ ಬಿಡುವ ಮುಂಚೆ ದೋಣಿಯ ನೀರು ಪೂರ್ತಿ ಚೆಲ್ಲಬೇಕು ಅಂತ ಟೆಕ್ಸಾಸ್‌ನಲ್ಲಿ ಕಾನೂನೇ ಇದೆ. ತೊಳಿ, ಬಸಿ, ಒಣಗಿಸು: ಮೂರೇ ಪದ. ನಮ್ಮನೆಯಲ್ಲಿ ಈ ಕೆಲಸದ ಮೇಲ್ವಿಚಾರಕ ಮಗನೇ.

ಹೌದು, ಅವನು ವಾಪಸ್ ದೋಣಿ ಹತ್ತಿದ. ನಾನು ಕರೆದಿದ್ದಕ್ಕಲ್ಲ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದ್ದೆ. ಒಂದು ದಿನ ಅವನು ಅದರ ಕೆಳಗೆ ಪೆನ್ಸಿಲ್‌ನಲ್ಲಿ ಐದನೆಯದು ಸೇರಿಸಿದ್ದ, ಕನ್ನಡದಲ್ಲೇ: "ಯಾರಾದರೂ ಬೇಡ ಅಂದರೆ ಹೋಗಬಾರದು."

ಕಳೆದ ಏಪ್ರಿಲ್‌ನಲ್ಲಿ ಬ್ಯಾಸ್ಟ್ರಾಪ್ ದಡಕ್ಕೆ ಬೆಳಿಗ್ಗೆ ಆರೂವರೆಗೇ ಹೋಗಿದ್ದೆವು. ಜೊಂಡಿನ ಸಂದಿಯಲ್ಲಿ ಬಾಸ್ ನೀರು ಚಿಮ್ಮಿಸುವುದು ಕಾಣುತ್ತಿತ್ತು. ಮಗ ಹುಲ್ಲು ಕಿತ್ತು ಗಾಳಿಗೆ ತೂರಿ, ಫೋನ್ ನೋಡಿ, "ಅಮ್ಮಾ, ಎಂಟು ಗಂಟೆಗೆ 15 ಮೈಲಿ ಆಗುತ್ತಂತೆ. ಇವತ್ತು ಬೇಡ" ಅಂದ. ನನಗೆ ಆಸೆ ಇತ್ತು. ಆದರೂ ದೋಣಿ ಇಳಿಸಲಿಲ್ಲ. ದಡದಲ್ಲೇ ಕೂತು ಚಿತ್ರಾನ್ನ ತಿಂದೆವು, ಅದೇ ಡಬ್ಬಿಯಲ್ಲಿ. ಎಂಟು ಗಂಟೆಗೆ ಗಾಳಿ ಬಂತು.

ನೆನಪಿಡುವ ಪದಗಳು (ಮನೆಯಲ್ಲಿ ಅಜ್ಜಿ ತಾತನಿಗೆ ಫೋನ್ ಮಾಡಿ, ಅವರ ಊರಿನ ಕೆರೆಯ ಬಗ್ಗೆ ಈ ಪದಗಳನ್ನು ಬಳಸಿ ಕೇಳಿ)

ಏರಿ: ಕೆರೆಯ ನೀರನ್ನು ತಡೆಯುವ ಕಟ್ಟೆ
ತೂಬು: ನೀರು ಹೊರಗೆ ಬಿಡುವ ಕಿಂಡಿ
ಕೋಡಿ: ತುಂಬಿದ ನೀರು ಹರಿದು ಹೋಗುವ ಜಾಗ
ಕೆರೆ ಅಂಗಳ: ನೀರು ಇಳಿದಾಗ ಕಾಣುವ ತಳ
ಜೊಂಡು: ನೀರಿನ ಅಂಚಿನಲ್ಲಿ ಎತ್ತರಕ್ಕೆ ಬೆಳೆಯುವ ಹುಲ್ಲು
ಹುಟ್ಟು: ದೋಣಿ ನಡೆಸುವ ಮರದ ಕೋಲು
ಗಾಳ: ಮೀನು ಹಿಡಿಯುವ ಕೊಕ್ಕೆ